ಮಡಿಕೇರಿ ಹತ್ರದ ಹೋಮ್‌ಸ್ಟೇ, ಊಟದ ಬಗ್ಗೆ ಮಾತ್ರ ಹೇಳ್ತೀನಿ

ರೂಮು ಓಕೆ, ಬಿಸಿನೀರು ಬೆಳಿಗ್ಗೆ ಮಾತ್ರ, ಆದ್ರೆ ಇಲ್ಲಿಗೆ ಹೋಗ್ಬೇಕಿರೋದು ಊಟಕ್ಕೆ. ನಾವು ಹೋಗಿದ್ದು ಆಗಸ್ಟ್ 3ಕ್ಕೆ, ಅಂದ್ರೆ ಕೊಡವ ಕ್ಯಾಲೆಂಡರ್‌ನ ಕಕ್ಕಡ ತಿಂಗಳ 18ನೇ ದಿನ, ಅವತ್ತು ಕೊಡಗಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡ್ತಾರೆ, ಕಡು ನೇರಳೆ ಬಣ್ಣ, ಔಷಧಿ ಘಾಟು, ಮೇಲೆ ತುಪ್ಪ. ನಮ್ಮನೆಯವ್ರು ಮುಖ ಕಿವುಚೋಕೆ ಮುಂಚೆನೇ ಆಂಟಿ "ಒಂದ್ ಸ್ಪೂನ್ ತಿಂದ್ ನೋಡಿ, ಸೇರ್ಲಿಲ್ಲ ಅಂದ್ರೆ ಬಿಡಿ, ಬೇಜಾರಿಲ್ಲ" ಅಂದ್ರು, ಜೊತೆಗೆ ನಾಳೆ ಮೂತ್ರ ಕೆಂಪಗೆ ಹೋದ್ರೆ ಗಾಬರಿ ಬೀಳ್ಬೇಡಿ ಅಂತಾನೂ ಹೇಳಿದ್ರು (ಹೋಯ್ತು!!).

ನಾನು ಹಂದಿ ತಿನ್ನಲ್ಲ, ಬುಕ್ ಮಾಡೋವಾಗ್ಲೇ ಫೋನಲ್ಲಿ ಹೇಳಿದ್ದೆ, ಸೋ ನಂಗೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಜೊತೆ ಬೈಂಬಳೆ ಕರಿ, ಅಂದ್ರೆ ಕಳಲೆ (ಎಳೆ ಬಿದಿರು) ಸಾರು ಬಂತು, ಕಳಲೆನ ಹೆಚ್ಚಿ ದಿನಗಟ್ಟಲೆ ನೆನೆಸಿ ನೀರು ಬದಲಾಯಿಸ್ತಾ ಇದ್ರೇನೇ ಅದು ತಿನ್ನೋ ಹಾಗಾಗೋದು, ವಾಸನೆ ಮೊದ್ಲು ಒಂಥರಾ ಅನ್ಸತ್ತೆ, ಎರಡನೇ ತುತ್ತಿಗೆ ಸರಿಹೋಗತ್ತೆ. ಪಂದಿ ಕರಿ (ಹಂದಿ ಸಾರು) ತಿಂದ ಫ್ರೆಂಡು ಅದ್ರಲ್ಲಿರೋ ಕಾಚಂಪುಳಿ (ಕೊಡಗಿನ ಕಪ್ಪು ವಿನೆಗರ್ ಥರದ್ದು) ಹುಳಿಗೆ ಫುಲ್ ಫಿದಾ.

ಮೈನಸ್ ಅಂದ್ರೆ ತಟ್ಟೆ ಖಾಲಿ ಆದ ತಕ್ಷಣ ಇನ್ನೊಂದು ಕಡಂಬುಟ್ಟು ಬೀಳತ್ತೆ, ಸಾಕು ಅನ್ನೋದಿದ್ರೆ ಸ್ವಲ್ಪ ಉಳಿದಿರೋವಾಗ್ಲೇ ಕೈ ಅಡ್ಡ ಹಿಡೀರಿ. ಮಕ್ಕಳಿಗೆ ಕರಿಮೆಣಸಿನ ಖಾರ ಜಾಸ್ತಿ ಆಗ್ಬೋದು, ಮೊದ್ಲೇ ಹೇಳಿಡಿ.