ಫ್ರಿಜ್ ತಗೊಳ್ಳುವಾಗ ಸ್ಟಾರ್ ಎಣಿಸಿ ಮೋಸ ಹೋದೆ, ನೀವು ಹೋಗಬೇಡಿ

ಜಯನಗರ 4ನೇ ಬ್ಲಾಕ್ ಕಡೆಯ ಒಂದು ಅಂಗಡಿ. 2023ರ ದೀಪಾವಳಿ ಆಫರ್. ಇಪ್ಪತ್ತು ವರ್ಷ ಲೆಕ್ಕ ಬರೆದೇ ಸಂಬಳ ತಗೊಂಡವಳು ನಾನು, ಒಂದು ಸ್ಟಿಕ್ಕರ್ ಮುಂದೆ ಬಕ್ರಾ ಆದೆ. ಬರೆಯೋಕೂ ನಾಚಿಕೆ.

"ಮೇಡಂ, 3 ಸ್ಟಾರ್, ಇನ್ವರ್ಟರ್ ಕಂಪ್ರೆಸರ್. ತಿಂಗಳಿಗೆ 10 ಯೂನಿಟ್ ದಾಟಲ್ಲ. ಗೃಹಜ್ಯೋತಿ ಇದೆಯಲ್ಲ, ಬಿಲ್ಲೇ ಬರಲ್ಲ." ಈ ಮಾತಿಗೇ ಬಿದ್ದೆ. ಹಳೇ ಸಿಂಗಲ್ ಡೋರ್ ಕೊಟ್ಟು ಡಬಲ್ ಡೋರ್ ತಂದೆ.

ನಮ್ಮನೆ ಮೊದಲೇ ತಿಂಗಳಿಗೆ 190 ಯೂನಿಟ್ ಆಸುಪಾಸು. ಮುಂದಿನ ತಿಂಗಳು 203. ಗೃಹಜ್ಯೋತಿಯಲ್ಲಿ ಕರೆಂಟ್ ಫ್ರೀ ಇರೋದು 200 ಯೂನಿಟ್‌ವರೆಗೆ. ದಾಟಿದರೆ ಗೊತ್ತಲ್ಲ, ಆ 3 ಯೂನಿಟ್‌ಗಲ್ಲ, ಪೂರ್ತಿ ಬಿಲ್ಲು. ಸಾವಿರದ ಮೇಲೆ ಬಂತು.

ಅವತ್ತು ಫ್ರಿಜ್ ಮುಂದೆ ನಿಂತು ನೋಡಿದೆ. ಸ್ಟಾರ್ ಲೇಬಲ್ ಮೇಲೆ ಗುಂಡಗೆ ಕೆಂಪು 'ದೀಪಾವಳಿ ಧಮಾಕ' ಸ್ಟಿಕ್ಕರ್. ಸ್ಟಾರ್‌ಗಳು ಮಾತ್ರ ಚೆನ್ನಾಗಿ ಕಾಣೋ ಹಾಗೆ ಅಂಟಿಸಿದ್ದರು. ಉಗುರಲ್ಲಿ ಕೆರೆದೆ, ಅರ್ಧ ಹರಿದು ಬಂತು. ಕೆಳಗೆ ಲೇಬಲ್ ಇಸವಿ 2022. ಪಕ್ಕದಲ್ಲಿ ವರ್ಷಕ್ಕೆ 246 ಯೂನಿಟ್. ಅಂದ್ರೆ ತಿಂಗಳಿಗೆ 20ರ ಮೇಲೆ. 10 ಅಲ್ಲ, 20!

ಸ್ಟಾರ್ ಲೇಬಲ್ ನೋಡಿಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇ, 2023ರ ಜನವರಿಯಿಂದ ಸ್ಟಾರ್ ಕೊಡೋ ಅಳತೆಯನ್ನೇ ಬಿಗಿ ಮಾಡಿತ್ತು. ಹಳೇ ಲೆಕ್ಕದ 3 ಸ್ಟಾರ್ ಹೊಸ ಲೆಕ್ಕದಲ್ಲಿ 3 ಆಗಿ ಉಳಿಯೋದು ಕಷ್ಟ. ಹಳೇ ಸ್ಟಾಕು, ಹೊಸ ರೇಟು. ಇನ್ವರ್ಟರ್ ಅಂದ ಮಾತ್ರಕ್ಕೆ ಕರೆಂಟ್ ಕಮ್ಮಿ ಅಂತಲೂ ಅಲ್ಲ, ಯೂನಿಟ್ ಎಷ್ಟು ಅನ್ನೋದೇ ಲೆಕ್ಕ. ಇದೆಲ್ಲ ನನಗೆ ದುಡ್ಡು ಕೊಟ್ಟ ಮೇಲೆ ಗೊತ್ತಾಯಿತು.

ಅಂಗಡಿಗೆ ಹೋದೆ. ಮಾರಿದ ಹುಡುಗ, "ಸ್ಟಾರ್ ಸ್ಟಾರೇ ಅಲ್ವಾ ಮೇಡಂ, ಅದಕ್ಕೆಂಥ ಇಸವಿ?" 10 ಯೂನಿಟ್ ಅಂದಿದ್ದು? "ಬಾಗಿಲು ಜಾಸ್ತಿ ತೆಗೀತೀರೇನೋ." ನಾನೇ ಬಾಗಿಲು ಜಾಸ್ತಿ ತೆಗೀತೀನಂತೆ! ಓನರ್ ಮಾತ್ರ ತಣ್ಣಗೆ, ಟೀ ಕುಡೀತಾ ಅಂದ: "ಬಿಲ್ ತೋರ್ಸಿ. ಅದ್ರಲ್ಲಿ ಸ್ಟಾರ್ ಅಂತ ಎಲ್ಲಾದ್ರೂ ಬರ್ದಿದೀವಾ?" ತೆಗೆದು ನೋಡಿದೆ. ಬರೀ ಮಾಡೆಲ್ ನಂಬರು. ಅಷ್ಟು ಜನ ಗಿರಾಕಿಗಳ ಮುಂದೆ ಬಿಲ್ ಹಿಡಕೊಂಡು ಸುಮ್ನೆ ನಿಂತಿದ್ದೆ. ಈಗ ನೆನೆಸಿದರೂ ಮೈ ಉರಿಯುತ್ತೆ.

ಹೋಗೋರು ಸ್ಟಾರ್ ಬಿಟ್ಟು ಇಸವಿ ನೋಡಿ, ವರ್ಷದ ಯೂನಿಟ್ ನೋಡಿ, 12ರಿಂದ ಭಾಗಿಸಿ. ಲೇಬಲ್ ಮೇಲೆ ಏನೇ ಅಂಟಿಸಿದ್ದರೂ ಅಲ್ಲೇ ಕಿತ್ತು ನೋಡಿ, ಅವರು ಮುಖ ಗಂಟಿಕ್ಕಿಕೊಳ್ಳಲಿ. ಬಿಲ್‌ನಲ್ಲಿ ಸ್ಟಾರು, ಇಸವಿ ಎರಡೂ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಮೊನ್ನೆ ಅಂಗಡಿಯವರೇ ಫೋನ್ ಮಾಡಿದರು. "ಮೇಡಂ, ದೂರು ವಾಪಸ್ ತಗೊಳ್ಳಿ, ಸ್ಟೆಬಿಲೈಸರ್ ಫ್ರೀಯಾಗಿ ಕೊಡ್ತೀವಿ." ಅದೇ ಸ್ಟೆಬಿಲೈಸರ್‌ಗೆ ಅವತ್ತು 2,000 ಬೇರೆ ಇಸ್ಕೊಂಡಿದ್ದರು.