ಸ್ಕೂಲಿಗೆ ಸ್ಮಾರ್ಟ್ ಕ್ಲಾಸ್ ಸಾಫ್ಟ್‌ವೇರ್ ಅಂತ ಊರಲ್ಲಿ ದುಡ್ಡು ಎತ್ತೋ ಮುಂಚೆ ಇದನ್ನ ಓದಿ

ನಮ್ಮೂರು ಪಾಂಡವಪುರ ತಾಲ್ಲೂಕಲ್ಲಿದೆ, ಊರಿನ ಹೆಸರು ಬೇಡ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದನೇ ಕ್ಲಾಸ್‌ವರೆಗೆ, 31 ಮಕ್ಳು, ಇಬ್ರು ಟೀಚರ್. ನಾನೂ ಅಲ್ಲೇ ಓದಿದ್ದು, ಈಗ ಮೈಸೂರಲ್ಲಿ ಕೆಲಸ, ನಮ್ಮಣ್ಣನ ಮಗಳು ಅಲ್ಲಿ ಮೂರನೇ ಕ್ಲಾಸು. ವರ್ಷಾ ವರ್ಷಾ ಮಕ್ಳು ಕಮ್ಮಿ ಆಗ್ತಾವ್ರೆ, ಬೆಳಿಗ್ಗೆ ಕಾನ್ವೆಂಟ್ ವ್ಯಾನ್ ಬಂದು ಊರ ಬಾಗ್ಲಲ್ಲಿ ನಿಂತ್ಕೊಳುತ್ತೆ, ಹಿಂಗೇ ಆದ್ರೆ ಸ್ಕೂಲೇ ಮುಚ್ಚೋಗುತ್ತೆ ಅನ್ನೋ ಭಯ ಎಲ್ರಿಗೂ ಇತ್ತು. ಅದಕ್ಕೇ ಹೋದ ದೀಪಾವಳಿಗೆ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಲ್ಲಿ ಮಾತಾಡ್ಕೊಂಡು ಒಂದು ಸ್ಮಾರ್ಟ್ ಕ್ಲಾಸ್ ಹಾಕ್ಸೋಣ ಅಂತ ಹೊರಟ್ವಿ.

ಆಗ ಸಿಕ್ಕಿದ್ದು ಈ ಸಾಫ್ಟ್‌ವೇರ್ ಮಾರೋ ಮನುಷ್ಯ. ಕಂಪನಿ ಹೆಸರು ಹೇಳಲ್ಲ, ಕಂಪ್ಲೇಂಟ್ ಇನ್ನೂ ನಡೀತಿದೆ. ಲ್ಯಾಪ್‌ಟಾಪ್ ತಗೊಂಡು ಸ್ಕೂಲಿಗೇ ಬಂದ, ಚೆನ್ನಾಗಿ ಮಾತಾಡ್ದ, ಕನ್ನಡ ವರ್ಣಮಾಲೆ ತೋರಿಸ್ದ, ಒಂದು ಗಣಿತದ ಪಾಠ ತೋರಿಸ್ದ, ಬಣ್ಣ ಬಣ್ಣದ ಗೊಂಬೆ, ಹಾಡು, ಮಕ್ಳೆಲ್ಲ ಬಾಯಿ ಬಿಟ್ಕೊಂಡು ನೋಡಿದ್ವು. "ಸ್ಟೇಟ್ ಸಿಲೆಬಸ್ಸು ಪೂರ್ತಿ ಐತೆ ಸರ್, ಲೈಫ್‌ಟೈಮು, ನೆಟ್ ಬೇಡ, ದುಡ್ಡು ಕೊಟ್ಟೋರಿಗೆಲ್ಲ ಟ್ಯಾಕ್ಸ್ ವಿನಾಯ್ತಿಗೆ 80ಜಿ ರಸೀದಿ ನಾವೇ ಮಾಡ್ಸಿಕೊಡ್ತೀವಿ" ಅಂದ. ಟಿವಿ, ಒಂದು ಸಣ್ಣ ಸಿಪಿಯು, ಸಾಫ್ಟ್‌ವೇರ್ ಸೇರಿ 1,18,000 ರೂಪಾಯಿ. ಅದ್ರಲ್ಲಿ ಸಾಫ್ಟ್‌ವೇರಿಗೇ ಅರ್ಧಕ್ಕಿಂತ ಜಾಸ್ತಿ.

ಎರಡು ತಿಂಗಳು ಓಡಾಡಿದ್ವಿ. ಬೆಂಗಳೂರಲ್ಲಿರೋರು ಐದೈದು ಸಾವಿರ ಹಾಕಿದ್ರು, ಆಲೆಮನೆ ನಡೆಸೋ ಒಬ್ರು ಹತ್ತು ಸಾವಿರ ಕೊಟ್ರು, ಊರಲ್ಲಿ ಮಾತ್ರ ಎಲ್ಲಾ ನೂರು ಇನ್ನೂರು. ಡೇರಿ ಸೆಕ್ರೆಟರಿ ಒಂದು ನೋಟ್‌ಬುಕ್ ಇಟ್ಟಿದ್ರು, ಹಾಲಿನ ಬಟವಾಡೆ ದಿನ ಯಾರು ಕೊಡ್ತೀನಿ ಅಂದ್ರೂ ಅಲ್ಲೇ ಹಿಡ್ಕೊಂಡು ಬರ್ಕೊಳ್ಳೋರು. ಅದ್ರಲ್ಲಿ ಒಬ್ರು ಅವ್ವನ ಹೆಸರು ಎರಡು ಸಲ ಇದೆ, ಒಂದು ಬಟವಾಡೇಲಿ 200, ಇನ್ನೊಂದ್ರಲ್ಲಿ 200. ಒಂದೇ ಹಸು ಆ ಯಮ್ಮಂಗೆ. ಒಂದೇ ಸಲಕ್ಕೆ ನಾನೂರು ಹಿಡಿದ್ರೆ ಹಿಂಡಿ ಬೂಸಕ್ಕೆ ಸಾಲಲ್ಲ ಅಂತ ಎರಡು ಕಂತು ಮಾಡ್ಕೊಂಡಿದ್ರು. ಮೊಮ್ಮಕ್ಳು ಯಾರೂ ನಮ್ ಸ್ಕೂಲಲ್ಲಿಲ್ಲ ಅವ್ರಿಗೆ.

ನಾವು ಮಾಡಿದ ಮೊದಲನೇ ತಪ್ಪು ಇಲ್ಲೇ. ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿ ಖಾತೆ ಇದೆ, ಅಧ್ಯಕ್ಷರು ಹೆಡ್ ಟೀಚರ್ ಇಬ್ರೂ ಸೈನ್ ಹಾಕಿದ್ರೇ ಅದ್ರಿಂದ ದುಡ್ಡು ಆಚೆ ಹೋಗೋದು. ಆದ್ರೆ ಅವನು "ಖಾತೆಗೆ ಹಾಕಿ ಚೆಕ್ ಕೊಡೋದು ಲೇಟಾಗುತ್ತೆ ಸರ್, ಈ ತಿಂಗಳು ಆಫರ್ ಮುಗಿಯುತ್ತೆ" ಅಂತ ಒಂದು ಕ್ಯೂಆರ್ ಕಳಿಸ್ದ, ನಾವು ಅದನ್ನೇ ಗ್ರೂಪಿಗೆ ಹಾಕಿದ್ವಿ. ಸ್ಕ್ಯಾನ್ ಮಾಡ್ದಾಗ ಬರೋ ಹೆಸರು ಕಂಪನೀದಲ್ಲ, ಒಬ್ಬ ವ್ಯಕ್ತೀದು. ಅಷ್ಟು ಜನ ಸ್ಕ್ಯಾನ್ ಮಾಡಿದ್ವಿ, ಅಷ್ಟು ಜನಾನೂ ಆ ಹೆಸರು ನೋಡಿದ್ವಿ, ಒಬ್ರೂ ಕೇಳ್ಲಿಲ್ಲ. ಬಿಲ್ ಕೂಡ ಇಲ್ಲ, ಬರೀ ಕೊಟೇಶನ್. ಶೇಕಡಾ 18 ಜಿಎಸ್‌ಟಿ ಅಂತ ಸೇರಿಸಿದ್ದಾನೆ, ನಂಬರ್ ಮಾತ್ರ ಹಾಕಿಲ್ಲ. ಜಿಎಸ್‌ಟಿ ನಂಬರ್ 15 ಅಕ್ಷರ ಇರುತ್ತೆ, ಕರ್ನಾಟಕದ್ದಾದ್ರೆ 29ರಿಂದ ಶುರು ಆಗುತ್ತೆ, ಜಿಎಸ್‌ಟಿ ಪೋರ್ಟಲ್ಲಲ್ಲಿ ಹಾಕಿದ್ರೆ ಯಾರದ್ದು ಅಂತ ಎರಡು ನಿಮಿಷದಲ್ಲಿ ಬರುತ್ತೆ. ಇದೆಲ್ಲ ನಂಗೆ ಗೊತ್ತಾಗಿದ್ದು ದುಡ್ಡು ಹೋದ್ಮೇಲೆ.

ಜನವರೀಲಿ ಟಿವಿ ಹಾಕ್ದ. ಊರೆಲ್ಲ ಸೇರಿ ಪೂಜೆ ಮಾಡಿ ಸಿಹಿ ಹಂಚಿದ್ವಿ. ಒಂದು ವಾರ ಆದ್ಮೇಲೆ ಹೆಡ್ ಮಿಸ್ಸು ಫೋನ್ ಮಾಡಿ "ಇದು ನಮ್ ಮಕ್ಳಿಗೆ ಹೊಂದ್ತಾ ಇಲ್ಲ ಕಣಪ್ಪ" ಅಂದ್ರು. ನಂಗೆ ಅರ್ಥ ಆಗ್ಲಿಲ್ಲ, ಶನಿವಾರ ಹೋಗಿ ಕ್ಲಾಸಲ್ಲಿ ಕೂತ್ಕೊಂಡೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಳು ಒಟ್ಟಿಗೆ ನಲಿ-ಕಲೀಲಿ ಕೂತಿರ್ತಾರೆ. 1995ರಲ್ಲಿ ನಮ್ ಪಕ್ಕದ ಎಚ್.ಡಿ.ಕೋಟೇಲೇ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಹೋದ ಪದ್ಧತಿ ಅದು. ಅಲ್ಲಿ ಮಕ್ಳು ಕ್ಲಾಸ್ ಪ್ರಕಾರ ಕೂರಲ್ಲ, ತಟ್ಟೆ ಅಂದ್ರೆ ಗುಂಪಿನ ಪ್ರಕಾರ ಕೂರ್ತವೆ, ಒಂದೊಂದು ಮಗು ಕಲಿಕಾ ಏಣೀಲಿ ಒಂದೊಂದು ಮೈಲಿಗಲ್ಲಲ್ಲಿರುತ್ತೆ, ಕಾರ್ಡ್ ತಗೊಂಡು ತನ್ನ ಪಾಡಿಗೆ ತಾನು ಮಾಡ್ಕೊಂಡು ಮುಂದಕ್ಕೆ ಹೋಗುತ್ತೆ. ಈ ಸಾಫ್ಟ್‌ವೇರ್ ಹೆಂಗಿದೆ ಅಂದ್ರೆ ಕ್ಲಾಸ್ ಆರಿಸು, ಪಾಠ ಆರಿಸು, ಎಲ್ರೂ ಸುಮ್ನೆ ಕೂತು ನೋಡು. ಟಿವಿ ಹಾಕಿದ್ರೆ ಐದು ಮಕ್ಳಿಗೆ ಬೇಕು, ಉಳಿದೋರ ಕೆಲಸ ಹಾಳು. ಕ್ಲಾಸಲ್ಲಿ ದಿನಾ ನಿಂತು ಪಾಠ ಮಾಡೋರು ಹೆಡ್ ಮಿಸ್ಸು. ಡೆಮೊ ದಿನ ಮಾತಾಡಿದ್ದೆಲ್ಲ ನಾವು, ಅವ್ರನ್ನ ಒಂದು ಮಾತು ಕೇಳ್ಲಿಲ್ಲ. ಇದು ನಂಗೆ ಈಗ್ಲೂ ನೋವು.

ಆಮೇಲೆ ನಾಲ್ಕನೇ ಐದನೇ ಕ್ಲಾಸಿಗೆ ನೋಡೋಣ ಅಂತ ತೆಗೆದ್ರೆ, ಕನ್ನಡದಲ್ಲಿ ಇದ್ದಿದ್ದು ಡೆಮೊದಲ್ಲಿ ತೋರ್ಸಿದ ಪಾಠಗಳು ಮತ್ತೆ ಇನ್ನೊಂದಷ್ಟು ಅಷ್ಟೇ, ಮಿಕ್ಕಿದ್ದು ಇಂಗ್ಲಿಷು, ಅದೂ ಸಿಬಿಎಸ್‌ಇ. ಪರಿಸರ ಅಧ್ಯಯನದ ಒಂದು ವಿಡಿಯೋ ಓಡ್ತಾ ಇತ್ತು, ಹೆಡ್ ಮಿಸ್ಸು ಸುಮ್ನೆ ಪಠ್ಯಪುಸ್ತಕ ತೆಗೆದು ಆ ಪಾಠದ ಹತ್ರ ಇರೋ ಕ್ಯೂಆರ್ ಕೋಡ್‌ನ ತಮ್ ಫೋನಲ್ಲಿ ಸ್ಕ್ಯಾನ್ ಮಾಡಿದ್ರು. ಅದೇ ವಿಡಿಯೋ. ಅದೇ ಹೆಂಗಸಿನ ದನಿ, ಅದೇ ಬಾವಿ ಚಿತ್ರ, ಟಿವೀಲಿ ಮಾತ್ರ ಮೂಲೇಲಿ ಕಂಪನಿ ಲೋಗೋ ಅಂಟಿಸಿದ್ದಾರೆ. ದೀಕ್ಷಾ ಅಂತ ಪಾಠದ ವಿಡಿಯೋ ಸಿಗೋ ಆ್ಯಪ್, ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ್ದು, ಪೂರ್ತಿ ಫ್ರೀ, ಪುಸ್ತಕದ ಕ್ಯೂಆರ್ ಅಲ್ಲಿಗೇ ಹೋಗುತ್ತೆ, ಆ್ಯಪಲ್ಲಿ ಡೌನ್‌ಲೋಡ್ ಮಾಡ್ಕೊಂಡ್ರೆ ನೆಟ್ ಇಲ್ದೇನೂ ಓಡುತ್ತೆ. ಫೋನೂ ಟಿವೀನೂ ಅಕ್ಕಪಕ್ಕ ಒಂದೇ ಮಾತು ಹೇಳ್ತಾ ಇದ್ವು, ನಾವಿಬ್ರೂ ಏನೂ ಮಾತಾಡ್ಲಿಲ್ಲ.

ಅಷ್ಟಾದ್ರೂ ಇರ್ಲಿ ಬಳಸ್ಕೊಳ್ಳೋಣ ಅಂದ್ಕೊಂಡಿದ್ವಿ. ಬೇಸಿಗೆ ರಜೆ ಮುಗಿಸಿ ಸ್ಕೂಲ್ ಬಾಗ್ಲು ತೆಗೆದ ವಾರ ಟಿವಿ ಆನ್ ಮಾಡಿದ್ರೆ ಲೈಸೆನ್ಸ್ ಅವಧಿ ಮುಗಿದಿದೆ ಅಂತ ಕೆಂಪಕ್ಷರದಲ್ಲಿ ಬಂತು. ಕೊಟೇಶನ್ ಹಿಂದೆ ಸಣ್ಣ ಅಕ್ಷರದಲ್ಲಿ ಇದೆ, ಲೈಸೆನ್ಸು ಚಾಲ್ತಿ ಶೈಕ್ಷಣಿಕ ವರ್ಷಕ್ಕೆ ಮಾತ್ರ. ಅಂದ್ರೆ ಜನವರಿಯಿಂದ ಮಾರ್ಚ್ 31, ಮೂರು ತಿಂಗಳೂ ಇಲ್ಲ. ಲೈಫ್‌ಟೈಮು ಅಂದ್ಯಲ್ಲಪ್ಪ ಅಂದ್ರೆ "ಅದು ಟಿವಿ ಸ್ಟ್ಯಾಂಡಿಗೆ ಹೇಳಿದ್ದು ಸರ್" ಅಂದ. ರಿನ್ಯೂವಲ್‌ಗೆ 22,000 ಕೇಳ್ದ. ಈಗ ಫೋನ್ ಎತ್ತಲ್ಲ.

80ಜಿ ರಸೀದೀನೂ ಬರ್ಲಿಲ್ಲ, ಬೆಂಗಳೂರಿನೋರು ನನ್ನನ್ನ ಕೇಳಿ ಕೇಳಿ ಸಾಕಾದ್ರು. 80ಜಿ ನೋಂದಣಿ ಇರೋ ಸಂಸ್ಥೆಗೆ ಕೊಟ್ಟ ದುಡ್ಡಿಗೆ ಮಾತ್ರ ವಿನಾಯ್ತಿ, ಆ ಸಂಸ್ಥೆ ದೇಣಿಗೆ ಸರ್ಟಿಫಿಕೇಟ್ ಕೊಡ್ಬೇಕು, 2,000 ರೂಪಾಯಿ ಮೀರಿದ ಕ್ಯಾಶಿಗೆ ಸಿಗೋದೇ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸ್ಕೊಂಡೋರಿಗೂ ಇಲ್ಲ. ಸಾಮಾನು ಮಾರೋನು ತಾನೇ ರಸೀದಿ ಕೊಡ್ತೀನಿ ಅಂದ್ರೆ ಅಲ್ಲೇ ಮಾತು ನಿಲ್ಸಿ.

ನಿಮ್ಮೂರಲ್ಲಿ ಇಂಥದ್ದು ಮಾಡೋ ಯೋಚನೆ ಇದ್ರೆ ನನ್ನದೊಂದು ಬೇಡಿಕೆ: ಡೆಮೊ ಅವ್ನ ಲ್ಯಾಪ್‌ಟಾಪಲ್ಲಿ ಬೇಡ, ನೆಟ್ ಆಫ್ ಮಾಡಿ, ನಿಮ್ ಟೀಚರ್ ಆರಿಸಿದ ಪಾಠವನ್ನ ಅವ್ರೇ ಕ್ಲಿಕ್ ಮಾಡಿ ತೆಗೀಲಿ, ಅವನು ದೂರ ನಿಂತಿರ್ಲಿ, ದುಡ್ಡು ಎಸ್‌ಡಿಎಂಸಿ ಖಾತೆಯಿಂದ ಕಂಪನಿ ಖಾತೆಗೆ ಹೋಗ್ಲಿ, ಅದೂ ಒಂದು ತಿಂಗಳು ಓಡಿದ್ಮೇಲೆ. ಲೈಸೆನ್ಸ್ ಎಷ್ಟು ತಾರೀಖಿನವರೆಗೆ ಅಂತ ದಿನ ತಿಂಗಳು ವರ್ಷ ಬರೆಸ್ಕೊಳ್ಳಿ. ಅದಕ್ಕೂ ಮುಂಚೆ ಫ್ರೀಯಾಗಿ ಸಿಗೋದನ್ನ ಹಾಕಿ ನೋಡಿ. ನಾವೀಗ ಅದೇ ಟಿವಿಗೆ ದೀಕ್ಷಾ ವಿಡಿಯೋ ಹಾಕ್ತೀವಿ, ಗಣಿತಕ್ಕೆ ಜಿಯೋಜೀಬ್ರಾ ಅನ್ನೋ ಸಾಫ್ಟ್‌ವೇರ್ ಇದೆ, ಕೊಲೊರಾಡೊ ಯೂನಿವರ್ಸಿಟಿಯವ್ರ ಫೆಟ್ ಅಂತ ಮಕ್ಳೇ ಮಾಡಿ ನೋಡೋ ಗಣಿತ ವಿಜ್ಞಾನದ ಪ್ರಯೋಗಗಳಿವೆ, ಅದನ್ನ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಲ್ಲಿ ಹಾಕ್ಕೊಂಡೇ ಓಡಿಸ್ಬೋದು. ಐದನೇ ಕ್ಲಾಸಿನ ಮಕ್ಳು ಅದ್ರಲ್ಲಿ ಭಿನ್ನರಾಶಿ ತುಂಡು ಜೋಡ್ಸೋದಕ್ಕೆ ನಾ ಮುಂದು ತಾ ಮುಂದು ಅಂತಾವೆ.

ಡೇರಿ ನೋಟ್‌ಬುಕ್ಕಲ್ಲಿರೋ ಒಬ್ಬೊಬ್ರ ಮನೆಗೂ ಹೋಗಿ ನಡೆದಿದ್ದು ಹೇಳ್ಕೊಂಡು ಬಂದ್ವಿ. ಆ ಅವ್ವ ದುಡ್ಡಿನ ಮಾತೇ ಎತ್ಲಿಲ್ಲ, "ಐಕ್ಳು ಟಿವೀಲಿ ಓದ್ತಾವಾ ಇಲ್ವಾ ಮಗ?" ಅಂದ್ರು. ಓದ್ತಾವೆ ಕಣವ್ವ ಅಂದೆ.

1915ಗೆ, ಅಂದ್ರೆ ಗ್ರಾಹಕರ ಸಹಾಯವಾಣಿಗೆ ದೂರು ಕೊಟ್ಟಿದೀವಿ. ಮೊನ್ನೆ ಗೊತ್ತಾಯ್ತು, ಅದೇ ಮನುಷ್ಯ ನಾಗಮಂಗಲದ ಕಡೆ ಎರಡು ಸ್ಕೂಲಲ್ಲಿ ಡೆಮೊ ಕೊಟ್ಟಿದಾನಂತೆ, ಅದಕ್ಕೇ ನಿದ್ದೆ ಬಿಟ್ಟು ಇದನ್ನ ಬರೀತಿರೋದು. ಆ ಕಡೆಯೋರು ಯಾರಾದ್ರೂ ಓದ್ತಿದ್ರೆ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ಅಂದ್ರೆ, ಬೆಳಿಗ್ಗೆ ಎದ್ದ ತಕ್ಷಣ ನಿಮ್ ಹೆಡ್ ಮೇಷ್ಟ್ರಿಗೆ ಒಂದು ಫೋನ್ ಮಾಡಿ.