ಇಗರ್ಜಿ (ಚರ್ಚ್) ಗ್ರೂಪಿನ ಹಡಗು ಯಾತ್ರೆಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಮೊನ್ನೆ ಮತ್ತೆ ಅದೇ ಪೋಸ್ಟರ್ ನಮ್ಮ ವಾಟ್ಸಾಪ್ ಗ್ರೂಪಿಗೆ ಬಂತು. ಮೇಲೆ ಮೇರಿ ಮಾತೆಯ ಚಿತ್ರ, ಕೆಳಗೆ ಬಿಳಿ ಹಡಗು. "ಕ್ಯಾಥೊಲಿಕ್ ಕುಟುಂಬಗಳಿಗೆ ಮಾತ್ರ. ರಸ್ತೆಯಲ್ಲಿ ಯಾತ್ರೆ, ಸಮುದ್ರದಲ್ಲಿ ಪೂಜೆ." ತಾರೀಕು ಮಾತ್ರ ಹೊಸದು. ನೋಡಿದ ಕೂಡಲೇ ಹೊಟ್ಟೆಯೊಳಗೆ ಸಂಕಟ ಆಯಿತು. ಕಳೆದ ನವೆಂಬರಿನಲ್ಲಿ ಇದನ್ನೇ ನಂಬಿ ನಾವು ಹೊರಟಿದ್ದು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆಯ ಇನ್ನೊಂದು ಕುಟುಂಬ ಹೀಗೆ ಸಿಕ್ಕಿಬೀಳಬಾರದು ಅಂತ ಬರೆಯುತ್ತಿದ್ದೇನೆ.

ನನಗಿಂತ ಜಾಸ್ತಿ ಆಸೆ ಇದ್ದದ್ದು ನನ್ನ ಅತ್ತೆಗೆ. ಅವರಿಗೆ 72 ವರ್ಷ. ಮಾವ ಇಡೀ ಜೀವನ ಹಡಗಿನಲ್ಲಿ ದುಡಿದವರು. ವರ್ಷಕ್ಕೊಮ್ಮೆ ಮನೆಗೆ ಬರುತ್ತಿದ್ದರು, ಮತ್ತೆ ಹೊರಡುತ್ತಿದ್ದರು. ಅತ್ತೆ ಒಂದು ದಿನವೂ ಹಡಗು ಹತ್ತಿದವರಲ್ಲ. "ಅವರು ಹೇಗಿದ್ದರೋ ಒಮ್ಮೆ ನೋಡ್ಬೇಕು" ಅಂದರು. ಅಷ್ಟು ಸಾಕಾಯಿತು, ನಾವಿಬ್ಬರೂ ಹೆಸರು ಕೊಟ್ಟೆವು.

ಯೋಜನೆ ಕೇಳಲು ಚೆನ್ನಾಗಿಯೇ ಇತ್ತು. ಗುರುವಾರ ಕಾರವಾರದಿಂದ ಹೊರಟು ಮಡಗಾಂವ್, ಹಳೆ ಗೋವಾ. ಶುಕ್ರವಾರ ಮುಂಬೈ ತಲುಪಿ ಬಾಂದ್ರಾದ ಮೌಂಟ್ ಮೇರಿ ಇಗರ್ಜಿ. ಶನಿವಾರ ಮಧ್ಯಾಹ್ನ ಹಡಗು ಹತ್ತುವುದು. ಭಾನುವಾರ ಪೂರ್ತಿ ಸಮುದ್ರ, ಅಲ್ಲೇ ಫಾದರ್ ನಡೆಸುವ ಬಲಿಪೂಜೆ. ಸೋಮವಾರ ಗೋವಾದಲ್ಲಿ ಇಳಿದು ಮನೆಗೆ. ತಲಾ 28,500 ರೂಪಾಯಿ, ನಾವು 34 ಜನ. ದುಡ್ಡೆಲ್ಲ ಏಜೆಂಟನ ಸ್ವಂತ ನಂಬರಿಗೆ ಫೋನ್‌ಪೇ ಮಾಡಿದೆವು. ಅವನೂ ನಮ್ಮವನೇ, ನಮ್ಮ ಜೊತೆ ಪೂಜೆಗೆ ಕೂತವನು. ಟಿಕೆಟ್ ಕೇಳಿದಾಗ, "ಗ್ರೂಪ್ ಬುಕಿಂಗ್ ಅಕ್ಕಾ, ಎಲ್ಲರದ್ದೂ ಒಟ್ಟಿಗೆ ನನ್ನ ಹತ್ರ ಇದೆ" ಅಂದ. ಇಗರ್ಜಿಯ ಅಂಗಳದಲ್ಲಿ ನಿಂತು ಹೇಳಿದ ಮಾತು ಅಂತ ನಾವು ಮತ್ತೆ ಕೇಳಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಗೋವಾ ಗಡಿಯಲ್ಲೇ. ಬಂದಿದ್ದ ಎರಡು ಟೆಂಪೋಗಳಲ್ಲಿ ಒಂದು ವೈಟ್ ಬೋರ್ಡ್. ಬಾಡಿಗೆಗೆ ಓಡುವ ಗಾಡಿಗೆ ಹಳದಿ ಬೋರ್ಡ್ ಇರಬೇಕು, ಬೇರೆ ರಾಜ್ಯಕ್ಕೆ ಹೋಗುವ ಪರ್ಮಿಟ್ ಇರಬೇಕು. ಪೋಳೆಂ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರು. ದಂಡ ಕಟ್ಟಿ ಬಿಡಿಸಿಕೊಳ್ಳುವಾಗ ಎರಡು ಗಂಟೆ ಹೋಯಿತು. ಹೋದ ಸಮಯ ದೊಡ್ಡದಲ್ಲ. ಅಂಥ ಗಾಡಿ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ತಕರಾರು ತೆಗೆಯುತ್ತದೆ, ಅದೂ ಒಳಗೆ ವಯಸ್ಸಾದವರೇ ಜಾಸ್ತಿ ಇದ್ದರು. ನಾನು ಹತ್ತುವ ಮೊದಲು ನಂಬರ್ ಪ್ಲೇಟ್ ನೋಡಬೇಕಿತ್ತು.

ಹಳೆ ಗೋವಾದಲ್ಲಿ ಒಂದು ಗಂಟೆ ಅಂತ ಏಜೆಂಟ್ ಬರೆದಿದ್ದ. ನವೆಂಬರ್ 24ರಿಂದ ಸಂತ ಫ್ರಾನ್ಸಿಸ್ ಕ್ಸೇವಿಯರರ ನೊವೆನಾ, ಅಂದರೆ ಹಬ್ಬದ ಮೊದಲಿನ ಒಂಬತ್ತು ದಿನದ ಪ್ರಾರ್ಥನೆ, ಶುರುವಾಗುತ್ತದೆ, ಡಿಸೆಂಬರ್ 3ಕ್ಕೆ ಹಬ್ಬ. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಆ ದಿನಗಳಲ್ಲಿ ಗಾಡಿ ದೂರ ನಿಲ್ಲಿಸಿ ನಡೆಯಬೇಕು, ಬೊಂ ಜೀಸಸ್ ಇಗರ್ಜಿಯ ಒಳಗೆ ಹೋಗಲು ಸಾಲು ನಿಲ್ಲಬೇಕು. ನಮಗೆ ನಾಲ್ಕು ಗಂಟೆ ಹಿಡಿಯಿತು. ಅತ್ತೆ ಸಂತರ ದೇಹವಿರುವ ಬೆಳ್ಳಿಯ ಪೆಟ್ಟಿಗೆಯ ಕಡೆ ತಲೆ ಎತ್ತಿ ಕೈ ಮುಗಿದು ನಿಂತಾಗ ನನಗೆ ಆ ಕಾಯುವಿಕೆ ಭಾರ ಅನಿಸಲಿಲ್ಲ. ಆದರೆ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ತಪ್ಪಿತು. ಕಾರವಾರದಿಂದ ಮುಂಬೈಗೆ 600 ಕಿಲೋಮೀಟರಿಗೂ ಜಾಸ್ತಿ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ, ಆಗಸ್ಟ್ 7ಕ್ಕೆ ಹಳೆ ಕಾಳಿ ಸೇತುವೆ ಬಿದ್ದದ್ದನ್ನು ಕಣ್ಣಾರೆ ನೋಡಿದವರು ನಾವು. ಹೆದ್ದಾರಿ 66ನ್ನು ನಂಬಿ ಗಂಟೆ ಲೆಕ್ಕ ಹಾಕಬಾರದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ? ಶುಕ್ರವಾರ ರಾತ್ರಿ ಪನ್ವೇಲ್‌ನಲ್ಲೇ ಉಳಿದೆವು. ಹಾಗಾಗಿ ಮೌಂಟ್ ಮೇರಿ ಶನಿವಾರ ಬೆಳಿಗ್ಗೆಗೆ, ಹಡಗು ಹತ್ತುವ ದಿನಕ್ಕೇ ಬಂತು. ಬೇಡ, ಸೀದಾ ಬಂದರಿಗೆ ಹೋಗೋಣ ಅಂತ ಕೆಲವರು ಅಂದರು. "ಟೆನ್ಶನ್ ಬೇಡ" ಅಂದ ಏಜೆಂಟ್.

ಬಂದರು ತಲುಪಿದಾಗ ಗೇಟ್ ಮುಚ್ಚಲು 40 ನಿಮಿಷ ಇತ್ತು. ಕೌಂಟರಿನ ಹುಡುಗಿ ಒಬ್ಬೊಬ್ಬರ ಆಧಾರ್ ನೋಡಿ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದಳು. ಅತ್ತೆಯ ಕಾರ್ಡ್ ಹಿಡಿದು ಪಟ್ಟಿಯ ಮೇಲೆ ಪೆನ್ನು ಇಳಿಸಿದಳು, ಮತ್ತೆ ಮೇಲಿನಿಂದ ಇಳಿಸಿದಳು. "ಈ ಹೆಸರು ಇಲ್ಲ." ನನ್ನದೂ ಇರಲಿಲ್ಲ. 34 ಜನರಲ್ಲಿ ದುಡ್ಡು ಕಟ್ಟಿ ಬುಕ್ ಆಗಿದ್ದು 26 ಮಾತ್ರ. ಉಳಿದ ಎಂಟು ಜನರ ದುಡ್ಡು ಹಡಗಿನ ಕಂಪನಿಗೆ ತಲುಪಿರಲೇ ಇಲ್ಲ. ಬೆಳಿಗ್ಗೆ ಬೇಗ ಬಂದಿದ್ದರೆ ಖಾಲಿ ಕ್ಯಾಬಿನ್ ಇದೆಯಾ ಅಂತ ಕೇಳಬಹುದಿತ್ತು, ಜಗಳವನ್ನಾದರೂ ಆಡಬಹುದಿತ್ತು. 40 ನಿಮಿಷದಲ್ಲಿ ಏನೂ ಆಗಲಿಲ್ಲ. ಏಜೆಂಟ್ ಫೋನ್ ಕಿವಿಗಿಟ್ಟುಕೊಂಡು ಆಚೆ ಹೋದವನು ಆಮೇಲೆ ಒಳಗಿನ ಸಾಲಿನಲ್ಲಿ ಕಂಡ.

ಅತ್ತೆ ಅಳಲಿಲ್ಲ. ಹಡಗಿನಲ್ಲಿ ಎಲ್ಲರಿಗೂ ಹಂಚಲು ಬೆಲ್ಲದ ಅವಲಕ್ಕಿ ಮಾಡಿ ಸ್ಟೀಲ್ ಡಬ್ಬಿಯಲ್ಲಿ ತಂದಿದ್ದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಕಟ್ಟಡದ ಮೇಲಿನಿಂದ ಹಡಗಿನ ತುದಿ ಸ್ವಲ್ಪ ಕಾಣುತ್ತಿತ್ತು. ಅದನ್ನೇ ನೋಡುತ್ತಿದ್ದರು.

ಒಳಗೆ ಹೋದವರಿಗೂ ಹೇಳಿದ್ದು ಸಿಗಲಿಲ್ಲ. ಪೋಸ್ಟರಿನಲ್ಲಿ ನಮ್ಮ ಫಾದರ್ ಬರುತ್ತಾರೆ ಅಂತ ಇತ್ತು. ಭಾನುವಾರ ಧರ್ಮಕೇಂದ್ರ ಬಿಟ್ಟು ಫಾದರ್ ಹೇಗೆ ಬರುತ್ತಾರೆ? ಕೇಳಿದಾಗ "ನೋಡೋಣ" ಅಂದಿದ್ದರಂತೆ, ಅಷ್ಟಕ್ಕೇ ಏಜೆಂಟ್ ಅವರ ಹೆಸರು ಹಾಕಿ ಛಾಪಿಸಿದ. ಕೊನೆಗೆ ನಿವೃತ್ತರಾದ ಇನ್ನೊಬ್ಬ ಫಾದರ್ ಬಂದರು. ಅವರ ಚೀಲದಲ್ಲಿದ್ದ ಮೇಣದಬತ್ತಿ, ಪೂಜೆಯ ದ್ರಾಕ್ಷಾರಸದ ಸಣ್ಣ ಬಾಟಲಿ, ಎರಡನ್ನೂ ಸ್ಕ್ಯಾನಿಂಗ್‌ನಲ್ಲಿ ತೆಗೆದಿಟ್ಟರು. ಹಡಗಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಹೊರಗಿನ ಮದ್ಯ ತರುವಂತಿಲ್ಲ. ಮೊದಲೇ ಪತ್ರ ಬರೆದು ಅನುಮತಿ ಕೇಳಬೇಕಿತ್ತು. ಏಜೆಂಟ್ ಒಂದು ಹಾಲ್ ಕೂಡ ಕೇಳಿರಲಿಲ್ಲ. ಬಾರಿನಲ್ಲಿ ವೈನ್ ಇತ್ತು, ಫಾದರ್ ಒಪ್ಪಲಿಲ್ಲ. ಪೂಜೆಗೆ ಬೇರೇನೂ ಬೆರೆಸದ ಶುದ್ಧ ದ್ರಾಕ್ಷಿಯದ್ದೇ ಆಗಬೇಕು, ಬಾಟಲಿಯಲ್ಲಿ ಏನಿದೆ ಅಂತ ಅವರಿಗೆ ಖಾತ್ರಿ ಇರಲಿಲ್ಲ. 26 ಜನ ಡೆಕ್ಕಿನ ಮೂಲೆಯಲ್ಲಿ ಗಾಳಿಗೆ ನಿಂತು ಜಪಸರ ಹೇಳಿದರಂತೆ. ಪೂಜೆ ಇಲ್ಲದ ಭಾನುವಾರ ಅಂತ ಅಲ್ಲಿದ್ದ ಹಿರಿಯರು ಇವತ್ತಿಗೂ ನೊಂದುಕೊಳ್ಳುತ್ತಾರೆ. ನಾವು ಎಂಟು ಜನ ಅದೇ ಭಾನುವಾರ ಕೊಲಾಬಾದ ಹೋಲಿ ನೇಮ್ ಕ್ಯಾಥೆಡ್ರಲ್‌ನಲ್ಲಿ ಪೂಜೆಗೆ ಹೋದೆವು. ಮಧ್ಯಾಹ್ನ ಮತ್ಸ್ಯಗಂಧ ರೈಲಿನ ಜನರಲ್ ಬೋಗಿ ಹತ್ತಿದೆವು. ಅವಲಕ್ಕಿ ಅಲ್ಲೇ ಖಾಲಿಯಾಯಿತು.

ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ದುಡ್ಡನ್ನು ಹಡಗಿನ ಕಂಪನಿಯ ಖಾತೆಗೇ ಕಟ್ಟಿ, ಇಲ್ಲವಾದರೆ ರಸೀದಿ ಕೊಡುವ ಕಚೇರಿಗೆ. ನಿಮ್ಮ ಹೆಸರು, ಬುಕಿಂಗ್ ನಂಬರ್ ಇರುವ ಟಿಕೆಟ್ ಕೈಗೆ ಬಂದ ಮೇಲೆ ನೀವೇ ಕಂಪನಿಗೆ ಫೋನ್ ಮಾಡಿ ಕೇಳಿ. ನಿಮ್ಮ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಲಿ. ರಸ್ತೆಯ ಯಾತ್ರೆ ಹಡಗಿನ ಹಿಂದಿನ ದಿನವೇ ಮುಗಿಯಬೇಕು, ರಾತ್ರಿ ಬಂದರಿನ ಊರಲ್ಲೇ ಮಲಗಬೇಕು. ಸಾಧ್ಯವಾದರೆ ಸೋಮವಾರ ಹೊರಡುವ ಹಡಗು ಹುಡುಕಿ, ಭಾನುವಾರದ ಪೂಜೆ ಮುಗಿಸಿಯೇ ಹತ್ತಬಹುದು. ಫಾದರ್ ಹೆಸರು ಪೋಸ್ಟರಿನಲ್ಲಿದ್ದರೆ ಫಾದರನ್ನೇ ಕೇಳಿ.

ಈಗಾಗಲೇ ಸಿಕ್ಕಿಕೊಂಡವರು ಸುಮ್ನೆ ಕೂರಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಮಾತಾಡಿ. ಕಾರವಾರದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಏಜೆಂಟ್ ಎಲ್ಲಿಯವನಾದರೂ ನಾವು ಇರುವ ಊರಿನಲ್ಲೇ ದೂರು ಕೊಡಬಹುದು. ಕಟ್ಟಿದ ಮೊತ್ತ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ, 2 ವರ್ಷದೊಳಗೆ ಹೋಗಬೇಕು ಅಷ್ಟೇ. ಫೋನ್‌ಪೇ ದಾಖಲೆ, ಪೋಸ್ಟರ್, ಅವನ ವಾಯ್ಸ್ ಮೆಸೇಜ್ ಯಾವುದನ್ನೂ ಡಿಲೀಟ್ ಮಾಡಬೇಡಿ. ನಾವು ಎಂಟೂ ಜನ ದೂರು ಕೊಟ್ಟಿದ್ದೇವೆ.

ಮೊನ್ನೆ ಆ ಪೋಸ್ಟರಿನ ಕೆಳಗೆ ನಾನೇ ಕೇಳಿದೆ: ಕಳೆದ ಸಲದ ಎಂಟು ಜನರ ದುಡ್ಡು ಯಾವಾಗ ಕೊಡ್ತೀರಿ? ಎರಡು ನೀಲಿ ಟಿಕ್ ಬಂದಿವೆ. ಉತ್ತರ ಬಂದಿಲ್ಲ.